ಬಂದರಿನಲ್ಲಿ ಕೊಯ್ದು ನೋಡುವ 600 ಹಣ್ಣು ತೋಟವನ್ನು ಕಾಯುವುದಿಲ್ಲ: ಹಣ್ಣಿನ ಆಮದು ನಿಯಮ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಹೊರದೇಶದ ತಾಜಾ ಹಣ್ಣಿಗೆ ಬಾಗಿಲು ತೆರೆಯಬೇಕೇ, ಮುಚ್ಚಬೇಕೇ, ಅರ್ಧ ತೆರೆದಿಡಬೇಕೇ ಎಂಬ ಕಡತ ನಿಮ್ಮ ಮೇಜಿಗೆ ಬರುತ್ತದೆ. ಕೀಟಶಾಸ್ತ್ರ, ಸಸ್ಯರೋಗ ಮತ್ತು ಕ್ವಾರಂಟೈನ್ ಕೆಲಸ ಬಲ್ಲವರಾಗಿ ನಾವು ಕೇಳುವುದು ಇಷ್ಟೇ: ಹಣ್ಣು ಬಂದಿಳಿದ ಮೇಲೆ ತಡೆಯುತ್ತೇವೆ ಎಂಬ ಭರವಸೆಯ ಮೇಲೆ ನಿಯಮ ಕಟ್ಟಬೇಡಿ. ತಡೆ ಹಣ್ಣು ಬೆಳೆದ ತೋಟದಲ್ಲೇ ಶುರುವಾಗಬೇಕು. ಅಲ್ಲಿ ಆಗದಿದ್ದರೆ ಆ ಹಣ್ಣನ್ನು ಹತ್ತಿಸಿಕೊಳ್ಳಬೇಡಿ.

ಯಾಕೆ ಎಂಬುದಕ್ಕೆ ಲೆಕ್ಕವೇ ಸಾಕ್ಷಿ. ಒಂದು ಶೀತಲ ಕಂಟೇನರಿನಲ್ಲಿ ಸುಮಾರು 20 ಟನ್ ಸೇಬು ಬರುತ್ತದೆ ಎನ್ನೋಣ. ಹಣ್ಣೊಂದಕ್ಕೆ 200 ಗ್ರಾಂ ಹಿಡಿದರೆ ಒಂದು ಲಕ್ಷ ಹಣ್ಣು. ತಪಾಸಣೆಗೆ ಬಹಳ ಕಡೆ ಬಳಕೆಯಲ್ಲಿರುವ ಮಾದರಿ 600 ಹಣ್ಣು. ಸರಕಿನಲ್ಲಿ ಶೇ 0.5ರಷ್ಟು ಹಣ್ಣಿಗೆ ಹುಳು ಬಿದ್ದಿದ್ದರೆ ಈ 600ರಲ್ಲಿ ಒಂದಾದರೂ ಸಿಗುವ ಸಾಧ್ಯತೆ ಶೇ 95. ಕೇಳಲು ಚೆನ್ನಾಗಿದೆ. ಹುಳು ಬಿದ್ದ ಹಣ್ಣು ಶೇ 0.1ಕ್ಕೆ ಇಳಿದರೆ, ಅಂದರೆ ಒಂದು ಲಕ್ಷದಲ್ಲಿ ನೂರು ಹಣ್ಣು ಇದ್ದರೆ, ಸಿಗುವ ಸಾಧ್ಯತೆ ಶೇ 45ಕ್ಕೆ ಕುಸಿಯುತ್ತದೆ. ಅಂಥ ಎರಡು ಕಂಟೇನರಿನಲ್ಲಿ ಒಂದಕ್ಕಿಂತ ಹೆಚ್ಚು ‘ಶುದ್ಧ’ ಎಂಬ ಮೊಹರು ಹೊತ್ತು ಹೊರಗೆ ಹೋಗುತ್ತದೆ. ಅದೂ ತಪಾಸಕರ ಕಣ್ಣು ಒಂದು ಹುಳುವನ್ನೂ ತಪ್ಪಿಸದಿದ್ದರೆ. ಹುಳು ಬಿದ್ದ ಹಣ್ಣನ್ನು ಕೈಯಲ್ಲಿ ಹಿಡಿದೂ ಅರ್ಧದಷ್ಟು ಸಲ ಗುರುತಿಸಲಾಗಲಿಲ್ಲ ಎಂದುಕೊಂಡರೆ, ಇದೇ ಸರಕು ಪಾರಾಗುವ ಸಾಧ್ಯತೆ ಶೇ 74. ಶೇ 0.1ನ್ನು ಶೇ 95ರ ಭರವಸೆಯಿಂದ ಹಿಡಿಯಲು ಸುಮಾರು 3,000 ಹಣ್ಣು ಕೊಯ್ಯಬೇಕು. ಪ್ರತಿ ಕಂಟೇನರಿಗೆ ಅಷ್ಟು ಕೊಯ್ಯುವುದು ಬಂದರಿನಲ್ಲಿ ಆಗುವ ಮಾತಲ್ಲ.

ಕಣ್ಣು ತಪ್ಪಿಸುವುದು ಸೋಮಾರಿತನದಿಂದಲ್ಲ. ಹಣ್ಣಿನ ನೊಣದ ಹೆಣ್ಣು ಸಿಪ್ಪೆಗೆ ಸೂಜಿಯಂಥ ಅಂಗ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಮೊದಲ ಎರಡು ಮೂರು ದಿನ ಹೊರಗೆ ಕಾಣುವುದು ಸೂಜಿಮೊನೆಯಷ್ಟು ಗುರುತು ಮಾತ್ರ; ಮೊಟ್ಟೆ ಒಂದು ಮಿಲಿಮೀಟರ್ ಆಸುಪಾಸಿನ ಬಿಳಿ ಎಳೆ. ಮಾವಿನ ಓಟೆಯೊಳಗೆ ಕೂರುವ ಮೂತಿಹುಳುವಿನದಂತೂ ಇನ್ನೂ ಕಷ್ಟ. ಎಳೆಯ ಕಾಯಿಯ ಮೇಲಿಟ್ಟ ಮೊಟ್ಟೆಯಿಂದ ಹೊರಟ ಹುಳು ಓಟೆಗೆ ಇಳಿದ ಮೇಲೆ ಗಾಯ ಮಾಯುತ್ತದೆ; ಹಣ್ಣು ಹೊರಗಿನಿಂದ ಲಕ್ಷಣವಾಗಿರುತ್ತದೆ. ಓಟೆಯನ್ನು ಸೀಳದೆ ಅದು ಕಾಣುವುದಿಲ್ಲ. ಕಿತ್ತಳೆ, ನಿಂಬೆಗೆ ಬರುವ ಕಪ್ಪು ಚುಕ್ಕೆ ಶಿಲೀಂಧ್ರ ತಿಂಗಳುಗಟ್ಟಲೆ ಸಿಪ್ಪೆಯಲ್ಲಿ ಸುಮ್ಮನೆ ಕೂತಿರಬಲ್ಲದು. ಹಡಗು ಹತ್ತುವಾಗ ನಿಷ್ಕಳಂಕವಾಗಿದ್ದ ಹಣ್ಣು ಇಳಿಯುವಾಗ ಚುಕ್ಕೆ ಹೊತ್ತಿರುತ್ತದೆ. ಹತ್ತಿಸಿದವರು ಸುಳ್ಳು ಹೇಳಿರುವುದಿಲ್ಲ, ಇಳಿಸಿಕೊಂಡವರೂ ಸುಳ್ಳು ಹೇಳುತ್ತಿರುವುದಿಲ್ಲ. ಇಂಥ ಜಗಳಗಳು ವರ್ಷಾನುಗಟ್ಟಲೆ ಎಳೆಯುವುದು ಈ ಕಾರಣಕ್ಕೇ.

ಹಾಗಾದರೆ ಎಲ್ಲವನ್ನೂ ನಿಷೇಧಿಸಿಬಿಡಿ ಎನ್ನುತ್ತಿದ್ದೇವೆಯೇ? ಇಲ್ಲ. ಸಗಟು ನಿಷೇಧದ ಚರಿತ್ರೆಯೇನೂ ಹೆಮ್ಮೆಯದಲ್ಲ. 1898ರಲ್ಲಿ ಜರ್ಮನಿ ಹಣ್ಣಿನ ಮರಗಳ ರಸ ಹೀರುವ ಸ್ಯಾನ್ ಹೋಸೆ ಶಲ್ಕ ಕೀಟದ ಹೆಸರಿನಲ್ಲಿ ಅಮೆರಿಕದ ಹಣ್ಣು, ಸಸಿಗಳನ್ನು ತಡೆಯಿತು. ಕೀಟದ ಭಯ ನಿಜವೇ ಆಗಿತ್ತು. ಆದರೆ ಇದು ಸಸ್ಯರಕ್ಷಣೆಯೋ, ಒಳನಾಡಿನ ಬೆಳೆಗಾರರ ಬೆಲೆ ರಕ್ಷಣೆಯೋ ಎಂಬ ಅನುಮಾನ ಆಗಲೇ ಎದ್ದಿತು. ನ್ಯೂಜಿಲೆಂಡಿನ ಸೇಬನ್ನು ಆಸ್ಟ್ರೇಲಿಯಾ 1921ರಿಂದ ಬೆಂಕಿ ರೋಗ (ಫೈರ್ ಬ್ಲೈಟ್) ಎಂಬ, ಸೇಬಿನ ಮರಕ್ಕೆ ಬರುವ ಬ್ಯಾಕ್ಟೀರಿಯಾ ರೋಗದ ಕಾರಣಕ್ಕೆ ಹೊರಗಿಟ್ಟಿತ್ತು. 2010ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಮುಂದೆ ಸೋತಿತು. ಇದೇ ರೋಗದ ವಿಷಯದಲ್ಲಿ ಜಪಾನ್ 2003ರಲ್ಲೇ ಸೋತಿತ್ತು. ಬಲಿತ, ರೋಗಲಕ್ಷಣವಿಲ್ಲದ ಸೇಬು ಆ ಬ್ಯಾಕ್ಟೀರಿಯಾವನ್ನು ಹೊತ್ತೊಯ್ದು ಹೊಸ ತೋಟಕ್ಕೆ ದಾಟಿಸುತ್ತದೆ ಎನ್ನಲು ಪುರಾವೆ ಸಾಲಲಿಲ್ಲ. ಸಸಿಯಲ್ಲಿ, ಕಸಿಕಡ್ಡಿಯಲ್ಲಿ ದಾಟುವ ರೋಗವನ್ನು ಹಣ್ಣಿನ ತಲೆಗೆ ಕಟ್ಟಿದರೆ ಹೀಗಾಗುತ್ತದೆ. ಒಂದು ದುರ್ಬಲ ನಿಷೇಧ ಬಿದ್ದುಹೋದಾಗ ಪಕ್ಕದಲ್ಲಿರುವ ಗಟ್ಟಿ ನಿಷೇಧದ ಮೇಲೂ ಜನ ಸಂಶಯಪಡುತ್ತಾರೆ. ನಮ್ಮ ಮಟ್ಟಿಗೆ ದೊಡ್ಡ ನಷ್ಟ ಅದು.

ಆಹಾರ, ಪ್ರಾಣಿ, ಸಸ್ಯಗಳ ಸುರಕ್ಷತೆಗಾಗಿ ಆಮದಿಗೆ ತಡೆ ಹಾಕುವುದರ ಬಗ್ಗೆ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ 1995ರಿಂದ ಜಾರಿಯಲ್ಲಿರುವ ಎಸ್‌ಪಿಎಸ್ ಒಪ್ಪಂದ ನಿಮ್ಮ ಕೈ ಕಟ್ಟಿಹಾಕಿಲ್ಲ. ಅಪಾಯದ ವಿಶ್ಲೇಷಣೆ ಮಾಡಿ, ಅದಕ್ಕೆ ತಕ್ಕಷ್ಟು ತಡೆ ಹಾಕಿ ಎನ್ನುತ್ತದೆ. ಪುರಾವೆ ಸಾಲದಿದ್ದಾಗ ತಾತ್ಕಾಲಿಕ ತಡೆಗೂ 5.7ನೇ ವಿಧಿಯಲ್ಲಿ ದಾರಿಯಿದೆ. ಷರತ್ತು ಎಂದರೆ ಪುರಾವೆ ಹುಡುಕುತ್ತಿರಬೇಕು, ಸಮಂಜಸ ಕಾಲದೊಳಗೆ ಮರುಪರಿಶೀಲಿಸಬೇಕು. ‘ತಾತ್ಕಾಲಿಕ’ ಎಂದು ಬರೆದು ಕಪಾಟಿಗೆ ಸೇರಿಸಿದ ಆದೇಶವೇ ಮುಂದೆ ದುರ್ಬಲ ನಿಷೇಧವಾಗುವುದು.

ಇನ್ನು ನಿಯಮ ಬರೆಯುವ ವಿಷಯ. ಆದೇಶದಲ್ಲಿ ‘ಹಣ್ಣು’ ಎಂದು ಬರೆಯಬೇಡಿ. ಯಾವ ಹಣ್ಣು, ಯಾವ ತಳಿ, ಎಷ್ಟು ಬಲಿತದ್ದು, ಯಾವ ಪ್ರದೇಶದ್ದು, ಯಾವ ಕೀಟಕ್ಕಾಗಿ ಎಂದು ಬರೆಯಿರಿ. ಬಲಿತ, ಇನ್ನೂ ಗಟ್ಟಿ ಹಸಿರಾಗಿರುವ ಬಾಳೆಕಾಯಿಯಲ್ಲಿ ಹಣ್ಣಿನ ನೊಣ ಬೆಳೆಯುವುದಿಲ್ಲ. ಅದೇ ಗೊನೆಯಲ್ಲಿ ಮುಂಚೆಯೇ ಹಣ್ಣಾದ, ಸಿಪ್ಪೆ ಬಿರಿದ ಒಂದು ಬಾಳೆ ಅದಕ್ಕೆ ಸುಖದ ಮನೆ. ಆದ್ದರಿಂದ ಷರತ್ತು ‘ಬಾಳೆ’ಗಲ್ಲ, ‘ಗಟ್ಟಿ ಹಸಿರು, ಬಿರುಕಿಲ್ಲದ ಬಾಳೆ’ಗೆ. ಹಾಸ್ ತಳಿಯ ಬೆಣ್ಣೆಹಣ್ಣು ಮರದ ಮೇಲಿರುವಾಗ ಮೆಕ್ಸಿಕನ್ ಹಣ್ಣಿನ ನೊಣಕ್ಕೆ ಒಗ್ಗುವುದಿಲ್ಲ, ಕಿತ್ತ ಮೇಲೆ ಆ ನಿರೋಧ ಇಳಿಯುತ್ತಾ ಹೋಗುತ್ತದೆ.

ಈ ಬೆಣ್ಣೆಹಣ್ಣಿನ ಪ್ರಕರಣವನ್ನು ನೀವು ಬಿಡುವಾಗಿ ಓದಬೇಕು ಎಂಬುದು ನಮ್ಮ ಶಿಫಾರಸು. ಬೀಜ ಕೊರೆಯುವ ಮೂತಿಹುಳುಗಳ ಭಯದಿಂದ ಅಮೆರಿಕ 1914ರಲ್ಲಿ ಮೆಕ್ಸಿಕೋದ ಬೆಣ್ಣೆಹಣ್ಣನ್ನು ನಿಷೇಧಿಸಿತು. 1993ರಲ್ಲಿ ಅಲಾಸ್ಕಾಕ್ಕೆ ಮಾತ್ರ ಬಿಟ್ಟಿತು. ಅಲ್ಲಿನ ಚಳಿಯಲ್ಲಿ ಯಾವ ನೊಣವೂ ಬದುಕದು, ಬೆಣ್ಣೆಹಣ್ಣಿನ ಮರವೂ ಇಲ್ಲ. 1997ರಲ್ಲಿ ಈಶಾನ್ಯದ 19 ರಾಜ್ಯಗಳಿಗೆ, ಅದೂ ನವೆಂಬರಿನಿಂದ ಫೆಬ್ರುವರಿವರೆಗೆ. ಆಮೇಲೆ ರಾಜ್ಯಗಳೂ ತಿಂಗಳುಗಳೂ ಒಂದೊಂದಾಗಿ ಸೇರಿ, 2007ರ ಹೊತ್ತಿಗೆ ಎಲ್ಲೆಡೆಗೂ ತೆರೆಯಿತು. ಜೊತೆಗಿದ್ದ ಷರತ್ತುಗಳು ಕಾಗದದ ಮೇಲೆ ಚಿಕ್ಕವು, ತೋಟದಲ್ಲಿ ದೊಡ್ಡವು: ಉದುರಿದ ಹಣ್ಣನ್ನು ಕನಿಷ್ಠ ಏಳು ದಿನಕ್ಕೊಮ್ಮೆ ಆರಿಸಿ ತೆಗೆಯಬೇಕು, ಅದನ್ನು ಪೆಟ್ಟಿಗೆಗೆ ಸೇರಿಸಕೂಡದು, ಕಿತ್ತ ಹಣ್ಣು ಮೂರು ಗಂಟೆಯೊಳಗೆ ಪ್ಯಾಕ್‌ಹೌಸ್ ಸೇರಬೇಕು ಅಥವಾ ನೊಣ ಕೂರದಂತೆ ಮುಚ್ಚಿರಬೇಕು. ಮೂರು ಗಂಟೆ ಎಂಬ ಅಂಕಿ ಎಲ್ಲಿಂದ ಬಂತು ಎಂದು ಈಗ ಹೊಳೆದಿರುತ್ತದೆ. ಋತು, ಗುರಿ ಸೇರುವ ಜಾಗ, ತೋಟದ ಶುಚಿ, ಸಮಯ ಎಂಬ ನಾಲ್ಕು ತಡೆಗಳನ್ನು ಪೋಣಿಸಿದಾಗ, ಒಂದು ಸಡಿಲವಾದರೂ ಉಳಿದವು ಹಿಡಿಯುತ್ತವೆ. ಅಂತರರಾಷ್ಟ್ರೀಯ ಸಸ್ಯ ಸಂರಕ್ಷಣಾ ಒಪ್ಪಂದದ ಮಾನದಂಡಗಳಲ್ಲಿ 14ನೆಯದು ಇದೇ ಪದ್ಧತಿಯನ್ನು ಹೇಳುತ್ತದೆ. ಹಣ್ಣಿನ ನೊಣಗಳಿಗೆ ಪ್ರತ್ಯೇಕವಾಗಿ 35ನೆಯದಿದೆ.

ಹಣ್ಣಿನೊಳಗಿನ ಕೀಟವನ್ನು ಕೊಲ್ಲುವ ಒಂದು ಉಪಚಾರದಿಂದಲೇ ಕೆಲಸ ಮುಗಿಯಬೇಕೆಂದು ಬಯಸುವವರೂ ಇದ್ದಾರೆ. ಶೀತ, ಬಿಸಿನೀರು, ವಿಕಿರಣ, ಅನಿಲ, ನಾಲ್ಕೂ ಸರಿಯಾಗಿ ಮಾಡಿದರೆ ಸರಿಯಾಗಿಯೇ ಕೊಲ್ಲುತ್ತವೆ. ಅಳತೆಗೋಲು ‘ಪ್ರೋಬಿಟ್ 9’, ಅಂದರೆ ಶೇ 99.9968 ಸಾವು. ಹತ್ತು ಲಕ್ಷ ಕೀಟದಲ್ಲಿ 32 ಮಾತ್ರ ಉಳಿಯಬಹುದು. ಇದನ್ನು ಶೇ 95ರ ಭರವಸೆಯಿಂದ ಸಾಬೀತು ಮಾಡಲು ಪ್ರಯೋಗದಲ್ಲಿ ಸುಮಾರು 93,600 ಕೀಟಗಳಿಗೆ ಉಪಚಾರ ಕೊಟ್ಟು ಒಂದೂ ಬದುಕಿರಬಾರದು. ಆದರೆ ಹಣ್ಣಿನ ರಾಶಿಯೇ ವಿಪರೀತ ಹುಳು ಹಿಡಿದದ್ದಾದರೆ ಈ ಅಂಕಿಯೂ ಸೋಲುತ್ತದೆ. 2001ರ ಕೊನೆಯಲ್ಲಿ ಆದದ್ದು ನೋಡಿ: ಸ್ಪೇನಿನಿಂದ ಶೀತೋಪಚಾರ ಮುಗಿಸಿ ಬಂದ ಕ್ಲೆಮೆಂಟೈನ್ ಕಿತ್ತಳೆಯಲ್ಲಿ ಅಮೆರಿಕದ ಅಂಗಡಿಗಳಲ್ಲೇ ಜೀವಂತ ಮೆಡಿಟರೇನಿಯನ್ ನೊಣದ ಹುಳು ಸಿಕ್ಕಿತು. ಆಮದು ನಿಂತಿತು, ಆಮೇಲೆ ಉಪಚಾರದ ದಿನಗಳನ್ನು ಹೆಚ್ಚಿಸಿದರು. ಈಗಿನ ಕೋಷ್ಟಕದಲ್ಲಿ 1.11 ಡಿಗ್ರಿ ಸೆಲ್ಸಿಯಸ್ ಅಥವಾ ಕೆಳಗೆ 14 ದಿನ, 1.67ರಲ್ಲಿ 16 ದಿನ, 2.22ರಲ್ಲಿ 18 ದಿನ. ದಶಾಂಶದ ನಂತರದ ಅಂಕಿಗಳನ್ನು ನೋಡಿ ನಗಬೇಡಿ, ಅವು ಫ್ಯಾರನ್‌ಹೀಟಿನ 34, 35, 36.

ಶೀತೋಪಚಾರ ಕೆಡುವುದು ಹೆಚ್ಚಾಗಿ ಮೊದಲ ದಿನವೇ. ಶೀತಲ ಕಂಟೇನರ್ ತಣ್ಣಗಿರುವ ಹಣ್ಣನ್ನು ತಣ್ಣಗೆ ಇಡಬಲ್ಲದು; ತೋಟದ ಬಿಸಿ ಹೊತ್ತ ಹಣ್ಣನ್ನು ಬೇಗ ತಣಿಸುವ ಶಕ್ತಿ ಅದರ ಯಂತ್ರಕ್ಕಿಲ್ಲ. ಮುಂಚೆಯೇ ತಣಿಸದೆ ತುಂಬಿದರೆ ಗಾಳಿಯ ಉಷ್ಣಾಂಶ 1 ಡಿಗ್ರಿ ತೋರಿಸುತ್ತಿರುತ್ತದೆ, ನಡುವಿನ ಪೆಟ್ಟಿಗೆಯ ತಿರುಳು ಇನ್ನೂ ಬೆಚ್ಚಗಿರುತ್ತದೆ. ಹಾಗಾಗಿ ಸಂವೇದಕದ ಮುಳ್ಳು ಹಣ್ಣಿನ ತಿರುಳಿನೊಳಗೆ ಇರಬೇಕು, ಬಾಗಿಲ ಬದಿಯ ಪೆಟ್ಟಿಗೆಯಲ್ಲಿ ಒಂದು ಇರಲೇಬೇಕು. ಹಣ್ಣು ತುಂಬುವ ಮುಂಚೆ ಮುಳ್ಳುಗಳನ್ನು ಕರಗುತ್ತಿರುವ ಮಂಜುಗಡ್ಡೆಯ ನೀರಿನಲ್ಲಿಟ್ಟು 0 ಡಿಗ್ರಿಗೆ ತಾಳೆ ನೋಡಬೇಕು, 0.3 ಡಿಗ್ರಿಗಿಂತ ಹೆಚ್ಚು ತಪ್ಪು ತೋರುವ ಮುಳ್ಳನ್ನು ಎಸೆಯಬೇಕು. ಗಂಟೆಗೊಮ್ಮೆಯ ದಾಖಲೆ ಬೇಕು. ದಿನಗಳ ಎಣಿಕೆ ಎಲ್ಲ ಮುಳ್ಳೂ ಮಿತಿಯೊಳಗೆ ಬಂದ ಗಂಟೆಯಿಂದ, ಹಡಗು ಹೊರಟ ಗಂಟೆಯಿಂದಲ್ಲ. ನಿಮ್ಮ ಅಧಿಕಾರಿಗಳು ಪ್ರಮಾಣಪತ್ರದ ‘14 ದಿನ’ ಎಂಬ ಸಾಲಿಗಿಂತ ಮೊದಲು ಈ ದಾಖಲೆಯ ಮೊದಲ ಪುಟ ನೋಡಲಿ.

ಬಿಸಿನೀರಿನ ಕಥೆಯೂ ಇಂಥದೇ. ಮಾವಿಗೆ 46.1 ಡಿಗ್ರಿ ನೀರಿನಲ್ಲಿ, ತೂಕ ಮತ್ತು ಆಕಾರ ನೋಡಿ, 65ರಿಂದ 110 ನಿಮಿಷ. ಒಂದೇ ಬುಟ್ಟಿಯಲ್ಲಿ 300 ಗ್ರಾಮಿನದೂ 700 ಗ್ರಾಮಿನದೂ ಇದ್ದರೆ, ಚಿಕ್ಕದಕ್ಕೆ ಹೊಂದುವ ಸಮಯದಲ್ಲಿ ದೊಡ್ಡದರ ಒಳಗಿನ ಹುಳು ಬದುಕುತ್ತದೆ. ದೊಡ್ಡದಕ್ಕೆ ಹೊಂದುವ ಸಮಯದಲ್ಲಿ ಚಿಕ್ಕದು ಬೆಂದುಹೋಗುತ್ತದೆ. ಆದ್ದರಿಂದ ಮುಳುಗಿಸುವ ಮುಂಚೆ ತೂಕದ ವಿಂಗಡಣೆ. ಹಣ್ಣಿನ ತಿರುಳು ಶುರುವಿಗೆ 21 ಡಿಗ್ರಿಗಿಂತ ತಣ್ಣಗಿರಬಾರದು. ನೀರಿನಿಂದ ತೆಗೆದ ಕೂಡಲೇ ತಣ್ಣೀರಿಗೆ ಹಾಕಿದರೂ ತಪ್ಪು. ಒಳಗಿನ ಬಿಸಿ ಆಮೇಲೂ ಕೊಲ್ಲುತ್ತಿರುತ್ತದೆ. ಅದಕ್ಕೆ 30 ನಿಮಿಷ ಬಿಡಬೇಕು, ಇಲ್ಲವೇ ಮೊದಲೇ 10 ನಿಮಿಷ ಹೆಚ್ಚು ಮುಳುಗಿಸಿರಬೇಕು.

ವಿಕಿರಣದಲ್ಲಿ ಬೇರೆಯೇ ತೊಡಕು. ಹಣ್ಣಿನ ನೊಣಗಳಿಗೆ 150 ಗ್ರೇ (ಹೀರಿಕೊಂಡ ವಿಕಿರಣದ ಅಳತೆ) ಸಾಕು. 2007ರಿಂದ ಅಮೆರಿಕಕ್ಕೆ ಹೋಗುವ ಭಾರತದ ಮಾವಿಗೆ, ಓಟೆಯ ಮೂತಿಹುಳುವನ್ನೂ ಲೆಕ್ಕಕ್ಕೆ ಹಿಡಿದು, 400 ಗ್ರೇ. ಈ ಪ್ರಮಾಣ ಹುಳುವನ್ನು ಆಗಲೇ ಕೊಲ್ಲಲೇಬೇಕೆಂದಿಲ್ಲ. ಅದು ಮುಂದೆ ಹಾರುವ ನೊಣವಾಗದಂತೆ ಅಥವಾ ಸಂತಾನ ಹುಟ್ಟದಂತೆ ಮಾಡಿದರೆ ಆಯಿತು. ಹೀಗಾಗಿ ನಿಮ್ಮ ತಪಾಸಕರಿಗೆ ಕೊಯ್ದ ಹಣ್ಣಿನಲ್ಲಿ ಹರಿದಾಡುವ ಹುಳು ಸಿಗಬಹುದು, ಆದರೂ ಉಪಚಾರ ಸರಿಯಾಗಿಯೇ ಆಗಿರಬಹುದು. ಹುಳುವನ್ನು ನೋಡಿ ವಿಕಿರಣ ಬಿದ್ದಿದೆಯೇ ಎಂದು ಹೇಳಲಾಗದು. ನಂಬಬೇಕಾದದ್ದು ಪೆಟ್ಟಿಗೆಗಳ ನಡುವೆ, ಅತಿ ಕಡಿಮೆ ಪ್ರಮಾಣ ಬೀಳುವ ಜಾಗದಲ್ಲಿ ಇಟ್ಟ, ವಿಕಿರಣ ಅಳೆಯುವ ಡೋಸಿಮೀಟರಿನ ದಾಖಲೆಯನ್ನು. ಉಪಚಾರ ಕೇಂದ್ರಕ್ಕೆ ಹೋಗಿ ನೋಡದೆ ಈ ಹಣ್ಣಿಗೆ ಅನುಮತಿ ಕೊಡಬೇಡಿ.

ಮೀಥೈಲ್ ಬ್ರೋಮೈಡ್ ಅನಿಲದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಚ್ಚಗಿನ ಹಣ್ಣಿಗೆ ಘನಮೀಟರಿಗೆ 32 ಗ್ರಾಂ, ಎರಡು ಗಂಟೆ ಎಂಬುದು ಸಾಮಾನ್ಯ ಪ್ರಮಾಣ; ಹಣ್ಣು ತಣ್ಣಗಿದ್ದಷ್ಟೂ ಹೆಚ್ಚು ಬೇಕು, ಪ್ಲಾಸ್ಟಿಕ್ ಸುತ್ತಿದ್ದರೆ ಅನಿಲ ಒಳಗೇ ಹೋಗದು. ಓಝೋನ್ ಪದರವನ್ನು ಕೆಡಿಸುವ ಈ ಅನಿಲ ಮಾಂಟ್ರಿಯಲ್ ಒಡಂಬಡಿಕೆಯಲ್ಲಿ ಕ್ವಾರಂಟೈನಿಗೆ ಸಿಕ್ಕ ವಿನಾಯಿತಿಯ ಮೇಲೆ ಉಸಿರಾಡುತ್ತಿದೆ. ಹೊಸ ನಿಯಮವನ್ನು ಅದರ ಮೇಲೆ ನಿಲ್ಲಿಸುವುದು ಜಾಣತನವಲ್ಲ.

ಯಾವ ಉಪಚಾರವೇ ಆಗಲಿ, ಮುಗಿದ ಮೇಲೆ ಹಣ್ಣು ಮತ್ತೆ ತೆರೆದ ಅಂಗಳಕ್ಕೆ ಬಂದರೆ ಎಲ್ಲವೂ ನೀರಿನಲ್ಲಿ ಹೋಮ. ಉಪಚಾರದ ಕೋಣೆಯಿಂದ ಪ್ಯಾಕಿಂಗ್‌ವರೆಗೆ ಕೀಟ ನುಗ್ಗದ ಜಾಲರಿ, ಎರಡು ಬಾಗಿಲ ಪ್ರವೇಶ, ಪೆಟ್ಟಿಗೆಯ ಗಾಳಿಕಿಂಡಿಗೂ ಜಾಲರಿ ಇರಬೇಕು. ಪ್ರತಿ ಪೆಟ್ಟಿಗೆಯ ಮೇಲೆ ತೋಟದ ಸಂಕೇತ ಮತ್ತು ಪ್ಯಾಕ್‌ಹೌಸಿನ ಸಂಖ್ಯೆ ಬೇಕು. ಇದಿಲ್ಲದಿದ್ದರೆ ಒಂದು ಹುಳು ಸಿಕ್ಕ ದಿನ ನೀವು ಇಡೀ ದೇಶವನ್ನು ಮುಚ್ಚಬೇಕಾಗುತ್ತದೆ. ಇದ್ದರೆ ಒಂದು ತೋಟವನ್ನು ಮುಚ್ಚಿದರೆ ಸಾಕು. ತೊಟ್ಟು, ಎಲೆ, ಮಣ್ಣು ಇರಕೂಡದು ಎಂಬ ಸಾಲನ್ನು ಯಾರೂ ಗಂಭೀರವಾಗಿ ಓದುವುದಿಲ್ಲ, ಆದರೆ ಅದಕ್ಕೆ ಬಲವಾದ ಕಾರಣವಿದೆ. ಕಿತ್ತಳೆಯ ಗ್ರೀನಿಂಗ್ ರೋಗ ಹರಡುವ ಸಿಲ್ಲಿಡ್ ಕೀಟ ಎಳೆ ಚಿಗುರಿನಲ್ಲಿ ಇರುತ್ತದೆ. ಅದು ಕರಿಬೇವಿನ ಮೇಲೂ ಆರಾಮಾಗಿ ಬೆಳೆಯುತ್ತದೆ. ಫ್ಲಾರಿಡಾದಲ್ಲಿ ಕೀಟ ಕಂಡದ್ದು 1998ರಲ್ಲಿ, ರೋಗ 2005ರಲ್ಲಿ. ಅಲ್ಲಿ 2003–04ರಲ್ಲಿ 24.2 ಕೋಟಿ ಪೆಟ್ಟಿಗೆಯಿದ್ದ ಕಿತ್ತಳೆ ಇಳುವರಿ 2023–24ಕ್ಕೆ 1.8 ಕೋಟಿಗೆ ಬಂತು. ಚಂಡಮಾರುತಗಳ ಪಾಲೂ ಇದರಲ್ಲಿದೆ, ಆದರೆ ಮರಗಳ ಬೆನ್ನು ಮುರಿದದ್ದು ರೋಗ.

ಪರಂಗಿಗೆ ಬರುವ ಹಿಟ್ಟು ತಿಗಣೆ ಇನ್ನೊಂದು ಪಾಠ. ಮೆಕ್ಸಿಕೋ ಮೂಲದ ಈ ತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು ಪರಂಗಿ, ಹಿಪ್ಪುನೇರಳೆ, ಮರಗೆಣಸನ್ನು ಹಾಳುಗೆಡವಿತು. ಸಿಂಪಡಿಸಿದ ವಿಷ ಅದರ ಮೇಣದ ಹೊದಿಕೆ ದಾಟಲಿಲ್ಲ. ಕೊನೆಗೆ 2010ರಲ್ಲಿ ಪೋರ್ಟೊರಿಕೊದಿಂದ ತಂದ ಅಸೆರೊಫೇಗಸ್ ಪಪಾಯೆ ಎಂಬ ಪುಟ್ಟ ಪರಾವಲಂಬಿ ಕಣಜ ಅದನ್ನು ಹತೋಟಿಗೆ ತಂದಿತು. ಇಂಥ ಕಣಜ ಪ್ರತಿ ಕೀಟಕ್ಕೂ ಸಿಗುತ್ತದೆಂದು ಎಣಿಸಬೇಡಿ.

ಒಳಗೆ ಬಂದುಬಿಟ್ಟರೆ ಖರ್ಚು ಎಷ್ಟು ಎನ್ನುವವರಿಗೆ ಎರಡು ಉದಾಹರಣೆ. ಓಕಿನಾವಾ ದ್ವೀಪಗಳಿಂದ ಕುಂಬಳ ಜಾತಿಯ ಬೆಳೆಗಳನ್ನು ಕಾಡುವ ಹಣ್ಣಿನ ನೊಣವನ್ನು ತೊಡೆದುಹಾಕಲು ಜಪಾನಿಗೆ 1972ರಿಂದ 1993ರವರೆಗೆ ಹಿಡಿಯಿತು. ಬಂಜೆ ಮಾಡಿದ ನೊಣಗಳನ್ನು ಸಾವಿರಾರು ಕೋಟಿ ಸಂಖ್ಯೆಯಲ್ಲಿ ಸಾಕಿ ಬಿಟ್ಟರು. ಕ್ಯಾಲಿಫೋರ್ನಿಯಾದಲ್ಲಿ 1980ರಲ್ಲಿ ಕಂಡ ಮೆಡಿಟರೇನಿಯನ್ ನೊಣಕ್ಕೆ ಊರುಗಳ ಮೇಲೆ ಹೆಲಿಕಾಪ್ಟರಿನಿಂದ ಮ್ಯಾಲಥಿಯಾನ್ ಕೀಟನಾಶಕ ಸಿಂಪಡಿಸಬೇಕಾಯಿತು, ಹತ್ತಿರ ಹತ್ತಿರ ಹತ್ತು ಕೋಟಿ ಡಾಲರ್ ಖರ್ಚಾಯಿತು. ಜನರ ಭಯ ಕಳೆಯಲೆಂದು ಬಿ.ಟಿ. ಕಾಲಿನ್ಸ್ ಎಂಬ ಅಧಿಕಾರಿ ನೀರು ಬೆರೆಸಿದ ಮ್ಯಾಲಥಿಯಾನನ್ನು ಎಲ್ಲರೆದುರು ಕುಡಿದುಬಿಟ್ಟರು. ಆ ಮಟ್ಟಕ್ಕೆ ಇಳಿಯುವ ಪರಿಸ್ಥಿತಿ ನಿಮಗೆ ಬರದಿರಲಿ.

ರಫ್ತುದಾರರಿಗೂ ಒಂದು ಮಾತು, ಈ ಪತ್ರ ಅವರ ಕೈಗೂ ಹೋಗುವುದರಿಂದ. ಕೀಟ ಒಳಬಂದರೆ ಮುಚ್ಚುವುದು ನಿಮ್ಮ ಮಾರುಕಟ್ಟೆ. 2015ರ ಮಾರ್ಚಿನಲ್ಲಿ ಡೊಮಿನಿಕನ್ ಗಣರಾಜ್ಯದಲ್ಲಿ ಮೆಡಿಟರೇನಿಯನ್ ನೊಣ ನೆಲೆಯಾದದ್ದು ಪ್ರಕಟವಾದಾಗ ಅಮೆರಿಕ ಅಲ್ಲಿನ 18 ಬಗೆಯ ಹಣ್ಣು ತರಕಾರಿಗಳನ್ನು ನಿಲ್ಲಿಸಿತು. ನೊಣವಿದ್ದದ್ದು ಪೂರ್ವದ ಕಡಲತಡಿಯ ಪ್ರವಾಸಿ ತಾಣದ ಸುತ್ತ. ನಿರ್ಮೂಲನೆ ಘೋಷಣೆ ಬಂದದ್ದು 2017ರಲ್ಲಿ. ಭಾರತದ ಮಾವಿಗೆ ಯುರೋಪ್ ಒಕ್ಕೂಟ 2014ರ ಮೇ 1ರಿಂದ ಬಾಗಿಲು ಹಾಕಿದ್ದು ಹಿಂದಿನ ವರ್ಷ ಭಾರತದ ಹಣ್ಣು ತರಕಾರಿಗಳ 207 ಸರಕುಗಳಲ್ಲಿ ಕೀಟ ಸಿಕ್ಕಿದ್ದರಿಂದ. ರಫ್ತಿಗೆ ಮುಂಚಿನ ತಪಾಸಣೆ, ಉಪಚಾರ ಬಿಗಿಯಾದ ಮೇಲೆ 2015ರ ಆರಂಭದಲ್ಲಿ ಮಾವಿನ ಮೇಲಿನ ತಡೆ ತೆಗೆಯಿತು. ಆ ಆದೇಶದಲ್ಲಿ ನಮಗೆ ಮೆಚ್ಚುಗೆಯಾಗುವುದು ಅದು ಮಾವು ಮತ್ತು ನಾಲ್ಕು ತರಕಾರಿಗಳನ್ನು ಹೆಸರಿಸಿ ನಿಂತದ್ದು, ಇಡೀ ದೇಶದ ಬೆಳೆಯನ್ನು ಒಂದೇ ಗೋಣಿಗೆ ತುಂಬದಿದ್ದದ್ದು.

ದೊಡ್ಡ ಕಂಟೇನರಿಗೆ ಇಷ್ಟೆಲ್ಲ ಬಿಗಿ ಮಾಡಿ ಕೈಚೀಲವನ್ನು ಬಿಟ್ಟರೆ ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲು ತೆರೆದಂತೆ. ಪ್ರಯಾಣಿಕರ ಹಣ್ಣಿಗೆ ತೋಟದ ಸಂಕೇತವಿಲ್ಲ, ಉಪಚಾರವಿಲ್ಲ, ಹೆಚ್ಚಾಗಿ ಅದು ಹಿತ್ತಲ ಮರದ್ದು, ಅಂದರೆ ಸಿಂಪಡಣೆಯೇ ಕಾಣದ್ದು. ಯುರೋಪ್ ಒಕ್ಕೂಟ 2019ರ ಡಿಸೆಂಬರ್ 14ರಿಂದ ಹೊರಗಿನ ತಾಜಾ ಹಣ್ಣಿಗೆಲ್ಲ, ಚೀಲದಲ್ಲಿದ್ದರೂ, ಸಸ್ಯ ಆರೋಗ್ಯ ಪ್ರಮಾಣಪತ್ರ ಕೇಳುತ್ತದೆ. ಬಿಟ್ಟಿರುವುದು ಅನಾನಸ್, ತೆಂಗು, ದುರಿಯನ್, ಬಾಳೆ, ಖರ್ಜೂರ ಮಾತ್ರ. ಈ ಐದರ ಪಟ್ಟಿ ಪ್ರಯಾಣಿಕರ ನೆನಪಿನಲ್ಲಿ ನಿಲ್ಲುತ್ತದೆ. ನೂರು ಹೆಸರಿನ ನಿಷೇಧ ಪಟ್ಟಿ ನಿಲ್ಲುವುದಿಲ್ಲ. ಹಣ್ಣು ಒಪ್ಪಿಸಿಬಿಡುವ ಡಬ್ಬಿಯನ್ನು ತಪಾಸಣೆಯ ಗೆರೆಗಿಂತ ಮುಂಚೆ ಇಡಿ, ಅದಕ್ಕೆ ಮುಚ್ಚಳವಿರಲಿ, ಅದರಲ್ಲಿದ್ದುದನ್ನು ಅದೇ ದಿನ ಸುಡಿ ಅಥವಾ ಆವಿಯಲ್ಲಿ ಬೇಯಿಸಿ. ತಿಪ್ಪೆಗೆ ಹೋದ ಹಣ್ಣಿನಿಂದ ಹುಳು ಮಣ್ಣಿಗಿಳಿದು ಕೋಶ ಕಟ್ಟುತ್ತದೆ. ತಡೆದ ಶ್ರಮವೆಲ್ಲ ಕೀಟಕ್ಕೆ ಸಾರಿಗೆ ಸೇವೆಯಾಗುತ್ತದೆ. ಸಗಟು ಮಾರುಕಟ್ಟೆಯ ಕೊಳೆತ ಹಣ್ಣಿಗೂ ಇದೇ ನಿಯಮ ಬೇಕು.

ಕೊನೆಯದಾಗಿ ಬಲೆಗಳು. ನಿಮ್ಮ ದೇಶದಲ್ಲಿ ಆ ಕೀಟ ಇಲ್ಲ ಎಂದು ಹೇಳಬೇಕಾದರೆ ಹುಡುಕಿರಬೇಕು. ಬಲೆಯಲ್ಲಿಡುವ ಆಮಿಷದ ಮದ್ದುಗಳಲ್ಲಿ ಮೀಥೈಲ್ ಯೂಜಿನಾಲ್ ಓರಿಯೆಂಟಲ್ ಹಣ್ಣಿನ ನೊಣದ ಗಂಡನ್ನು ಸೆಳೆಯುತ್ತದೆ, ಕ್ಯೂಲೂರ್ ಕುಂಬಳ ಜಾತಿಯ ನೊಣವನ್ನು, ಟ್ರೈಮೆಡ್‌ಲೂರ್ ಮೆಡಿಟರೇನಿಯನ್ ನೊಣವನ್ನು. ಒಂದು ಇನ್ನೊಂದರ ಕೆಲಸ ಮಾಡುವುದಿಲ್ಲ. ಬಂದರು, ವಿಮಾನ ನಿಲ್ದಾಣ, ಸಗಟು ಮಾರುಕಟ್ಟೆ, ಕಸದ ಗುಡ್ಡೆಗಳ ಸುತ್ತ ಮೂರನ್ನೂ ತೂಗಿಸಿ, ಮದ್ದು ಆರುವ ಮುಂಚೆ ಬದಲಿಸಿ, ಖಾಲಿ ಬಲೆಯ ದಿನಾಂಕವನ್ನೂ ಬರೆದಿಡಿ. ಓರಿಯೆಂಟಲ್ ನೊಣ 2003ರಲ್ಲಿ ಕೀನ್ಯಾದಲ್ಲಿ ಪತ್ತೆಯಾದ ಕೆಲವೇ ವರ್ಷಗಳಲ್ಲಿ ಸಹಾರಾದ ದಕ್ಷಿಣಕ್ಕೆಲ್ಲ ಹರಡಿತು. ಅಂಥ ವೇಗದೆದುರು ನಿಮಗಿರುವ ಅವಕಾಶ ಮೊದಲ ಕೆಲವು ನೊಣಗಳು ಬಲೆಗೆ ಬಿದ್ದ ವಾರಗಳು ಮಾತ್ರ.

ಮುಂದಿನ ಆದೇಶದ ಕರಡಿನಲ್ಲಿ ಈ ನಾಲ್ಕು ಕಾಲಂಗಳು ಇರಲಿ ಎಂದು ಕೋರುತ್ತೇವೆ: ಕೀಟದ ಹೆಸರು, ಅದು ಹಣ್ಣಿನಲ್ಲಿ ದಾಟುತ್ತದೆ ಎಂಬುದಕ್ಕೆ ಆಧಾರ, ತಡೆಯ ಜಾಗ ಮತ್ತು ವಿಧಾನ, ತಡೆ ಸಡಿಲಿಸಲು ಅಥವಾ ಮತ್ತೆ ಬಿಗಿ ಮಾಡಲು ಏನು ಆಗಬೇಕು ಎಂಬುದು. ನಾಲ್ಕನೆಯ ಕಾಲಂ ಖಾಲಿಯಿರುವ ಕರಡನ್ನು ಸಹಿ ಹಾಕದೆ ಹಿಂದಿರುಗಿಸಿ.

ಇಂತಿ,
ಸಸ್ಯ ಆರೋಗ್ಯದ ಕೆಲಸದಲ್ಲಿರುವ ಕೆಲವರು